ಒಂದನೇ ನಂಬರಿನ ಮೊಳೆ

ಕಳೆದ ತಿಂಗಳು ಮಿಸ್ ತೀರಿಕೊಂಡಾಗ ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕೆಜಿಎಫ್‌ನಲ್ಲಿ ಒಂದು ಶ್ರದ್ಧಾಂಜಲಿ ಸಭೆ ಮಾಡಿದೆವು. ಸಭಾಂಗಣದ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಮಿಸ್ ಫೋಟೊ, ಹಿಂದೆ ಲಂಡನ್ನಿನ ದೊಡ್ಡ ಗಡಿಯಾರದ ಗೋಪುರ, ಕೆಳಗೆ ‘ವಿದೇಶದಲ್ಲಿ ವ್ಯಾಸಂಗ ಮಾಡಿ ತಾಯ್ನೆಲಕ್ಕೆ ಮರಳಿದ ಮಹಾನ್ ಚೇತನ’ ಎಂಬ ಸಾಲು. ಗೋಪುರ ಹಾಕಲು ಯಾರೂ ಹೇಳಿರಲಿಲ್ಲವಂತೆ. ಫ್ಲೆಕ್ಸ್ ಅಂಗಡಿಯವನೇ ತನ್ನ ಕಡೆಯಿಂದ ಸೇರಿಸಿದ್ದ. ನಮ್ಮ ಕಡೆ ಸತ್ತವರ ಹಿಂದೆ ಮೋಡ, ಬೆಳಕು, ಒಂದೆರಡು ಪಾರಿವಾಳ ಹಾಕುವುದು ವಾಡಿಕೆ. ಮಿಸ್‌ಗೆ ಲಂಡನ್ ಸಿಕ್ಕಿತು. ಅದರ ಮುಂದೆ ನಿಂತು ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಫ್ಲೆಕ್ಸಿನಲ್ಲಿ ಒಂದು ಸುಳ್ಳಿತ್ತು, ಮತ್ತು ಅಷ್ಟು ಜನರಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದು ಅವರೇ ಹೇಳಿದ್ದರು. ಕೆಜಿಎಫ್‌ನವರಿಗೆ ಹೆಸರಿನ ಅಗತ್ಯವೂ ಇಲ್ಲ. ತರಕಾರಿಯವನಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರಿಗೂ ಅವರು ಮಿಸ್. ಐದಡಿಗಿಂತ ಎರಡು ಬೆರಳು ಕಡಿಮೆ, ಗಂಜಿ ಹಾಕಿದ ಹತ್ತಿ ಸೀರೆ, ಎಡಗೈಗೆ ಅಪ್ಪನ ಕಾಲದ ದೊಡ್ಡ ಗಂಡಸರ ವಾಚು. ಆ ವಾಚು ಮಣಿಕಟ್ಟಿನಿಂದ ಜಾರಿ ಮೊಣಕೈವರೆಗೆ ಹೋಗುತ್ತಿತ್ತು. ಗಂಟೆ ನೋಡಬೇಕಾದಾಗಲೆಲ್ಲ ಅದನ್ನು ಹುಡುಕಿ ಕೆಳಗೆ ತರುತ್ತಿದ್ದರು. ಯಾರಾದರೂ ಅತಿಯಾಗಿ ಮಾತಾಡಿದರೆ ಕೈ ಎತ್ತಿ ತಮಿಳಿನಲ್ಲಿ “ಪೋದುಂ” ಎನ್ನುತ್ತಿದ್ದರು. ಸಾಕು ಎಂದು ಅದರ ಅರ್ಥ. ಆಮೇಲೆ ಕೋಣೆಯಲ್ಲಿ ಸೊಳ್ಳೆಯೂ ಸದ್ದು ಮಾಡುತ್ತಿರಲಿಲ್ಲ.

ಮನೆ ಇದ್ದದ್ದು ಕೆಜಿಎಫ್‌ನೊಳಗಿನ ನಂದಿದುರ್ಗ ಗಣಿಯ ಬಡಾವಣೆಯಲ್ಲಿ. ಗಣಿ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳನ್ನು ಅಲ್ಲಿ ಲೈನು ಮನೆ ಎನ್ನುತ್ತಾರೆ. ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಜಂಬದವನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಮುಂದಿನ ಕೋಣೆಯಲ್ಲಿ ಎರಡು ಬೆಂಚು, ಒಂದು ಕರಿಹಲಗೆ. ವಿದೇಶಕ್ಕೆ ಓದಲು ಹೋಗುವವರು ಬರೆಯಬೇಕಾದ ಇಂಗ್ಲಿಷ್ ಪರೀಕ್ಷೆಗೆ ಅಲ್ಲಿ ಪಾಠ. ನಾನು ಕಾಮಸಮುದ್ರದ ಕಡೆಯ ಹಳ್ಳಿಯಿಂದ ಬಂಗಾರಪೇಟೆಗೆ ಒಂದು ಬಸ್ಸು, ಅಲ್ಲಿಂದ ಕೆಜಿಎಫ್‌ಗೆ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದೆ. ಎಂ.ಎಸ್ಸಿ. ಆಗಿತ್ತು. ಗಣಿಯ ತ್ಯಾಜ್ಯ ಸೇರಿದ ಮಣ್ಣಿನ ಬಗ್ಗೆ ಇಂಗ್ಲೆಂಡಿನಲ್ಲಿ ಓದಬೇಕೆಂಬ ಹುಚ್ಚು ಹತ್ತಿತ್ತು. ಗಾರೆ ಕೆಲಸ ಮಾಡುವ ನನ್ನ ಅಪ್ಪನಿಗೆ ಇದನ್ನು ಹೇಳಿದಾಗ ಅವರು, “ಮಣ್ಣು ಓದೋಕೆ ಅಷ್ಟು ದೂರ ಯಾಕ್ ಓಗ್ಬೇಕು ಪಾಪಾ? ಕೆಜಿಎಫ್‌ನಾಗೆ ಗುಡ್ಡ ಗುಡ್ಡ ಬಿದ್ದೈತಲ್ಲಾ” ಎಂದಿದ್ದರು.

ಭಾನುವಾರ ವ್ಯಾಕರಣಕ್ಕೆ ರಜೆ, ಆವತ್ತು ‘ಮ್ಯಾನರ್ಸ್’. ಮಿಸ್ ಒಳಗಿನಿಂದ ಹೂವಿನ ಚಿತ್ರದ ಆರು ಪಿಂಗಾಣಿ ಕಪ್ಪುಗಳನ್ನು ತಂದಿಡುತ್ತಿದ್ದರು. ಚಮಚ ಕಪ್ಪಿಗೆ ತಾಗಿ ಸದ್ದಾಗಬಾರದು. ಸೂಪನ್ನು ಚಮಚದಲ್ಲಿ ಆಚೆಗೆ ತಳ್ಳಿ ಎತ್ತಬೇಕು, ನಮ್ಮ ಕಡೆಗೆ ಎಳೆಯಬಾರದು. ಹೆಂಗಸರು ಒಳಗೆ ಬಂದರೆ ಗಂಡಸರು ಏಳಬೇಕು. ಯಾರಾದರೂ ಚಹಾಕ್ಕೆ ಕರೆದರೆ ಮರುದಿನ ಕೈಬರಹದಲ್ಲಿ ಒಂದು ಥ್ಯಾಂಕ್ಸ್ ಚೀಟಿ ಕಳಿಸಬೇಕು. ನಮ್ಮ ಜೊತೆ ಧಾರವಾಡದ ಕಡೆಯ ಹುಡುಗನೊಬ್ಬನಿದ್ದ, ಕೆಜಿಎಫ್‌ನ ಯಂತ್ರ ಕಾರ್ಖಾನೆಯ ಕ್ವಾರ್ಟರ್ಸಿನವನು. “ಚಾ ಸೊರ್ ಅಂತ ಸಪ್ಪಳ ಆಗಲಿಲ್ಲಂದ್ರ ಕುಡದಂಗ ಅನಸೂದಿಲ್ರೀ ಮಿಸ್” ಎಂದು ಅವನ ತಕರಾರು.

“ಇಲ್ಲಿ ಸೊರ್ ಅನ್ನಪ್ಪಾ, ಯಾರು ಬೇಡ ಅಂದ್ರು? ಅಲ್ಲಿ ಅಂದ್ರೆ ಪಕ್ಕದ ಟೇಬಲ್ಲು ತಿರುಗಿ ನೋಡುತ್ತೆ.”

ಅವರು ‘ಅಲ್ಲಿ’ ಎನ್ನುವಾಗ ಅದು ಪಕ್ಕದ ಲೈನಿನಷ್ಟು ಹತ್ತಿರವಿದ್ದಂತೆ ಕೇಳಿಸುತ್ತಿತ್ತು. ಚಿಕ್ಕ ವಯಸ್ಸಿನಲ್ಲಿ ಅವರು ಸ್ಕಾಲರ್‌ಶಿಪ್ ಪಡೆದು ಎರಡು ವರ್ಷ ಇಂಗ್ಲೆಂಡಿನಲ್ಲಿ ಓದಿ ಬಂದಿದ್ದಾರೆಂದು ಕೆಜಿಎಫ್‌ಗೆಲ್ಲ ಗೊತ್ತಿತ್ತು. ಆ ಕಾಲಕ್ಕೆ ನಂದಿದುರ್ಗದ ಲೈನಿನಿಂದ ಹಾಗೆ ಹೋದವರು ಬೇರೆ ಯಾರೂ ಇರಲಿಲ್ಲ.

ಕರಿಹಲಗೆಯ ಪಕ್ಕದಲ್ಲಿ ಇನ್ನೊಂದು ಹಲಗೆ. ತೇಗದ್ದು, ಸಾಲುಸಾಲಾಗಿ ಮೊಳೆ ಹೊಡೆದದ್ದು, ಪ್ರತಿ ಮೊಳೆಯ ಮೇಲೂ ಒಂದು ನಂಬರು. ಮಿಸ್ ಅವರ ತಂದೆ ಗಣಿಯ ಟೈಮ್ ಆಫೀಸಿನಲ್ಲಿದ್ದವರು. ಶಾಫ್ಟಿಗೆ, ಎಂದರೆ ಗಣಿಯ ಬಾವಿಗೆ, ಇಳಿಯುವ ಪ್ರತಿಯೊಬ್ಬನೂ ಹಲಗೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದಾಗ ತಂದು ಕೊಡಬೇಕು. ಅವರು ಅದನ್ನು ಮೊಳೆಗೆ ಹಾಕಿ, “ನಲವತ್ತೊಂದು, ಮೇಲೆ”, “ಅರವತ್ತು, ಮೇಲೆ” ಎಂದು ಕೂಗುತ್ತಿದ್ದರಂತೆ. ಮೊಳೆ ಖಾಲಿ ಇದೆ ಎಂದರೆ ಒಬ್ಬ ಮನುಷ್ಯ ಇನ್ನೂ ಭೂಮಿಯ ಒಳಗಿದ್ದಾನೆ ಎಂದು ಅರ್ಥ. ಅವನು ಬರುವವರೆಗೆ ಅವರು ಮನೆಗೆ ಹೋಗುವಂತಿರಲಿಲ್ಲ. ನಿವೃತ್ತಿಯಾದಾಗ ಗುಜರಿಗೆ ಹೊರಟಿದ್ದ ಒಂದು ಹಳೆಯ ಹಲಗೆಯನ್ನು ಬಿಲ್ಲೆಗಳ ಸಮೇತ ಕೇಳಿ ಮನೆಗೆ ತಂದುಕೊಂಡಿದ್ದರು.

ಆ ಪದ್ಧತಿಯನ್ನು ಮಿಸ್ ನಮಗೆ ಹಚ್ಚಿದರು. ವಿದೇಶಕ್ಕೆ ಹೊರಡುವವರೆಲ್ಲ ಒಂದು ಬಿಲ್ಲೆ ಒಯ್ಯಬೇಕು. ಓದು ಮುಗಿಸಿಯೇ ಬರಲಿ, ರಜೆಗೇ ಬರಲಿ, ಮದುವೆಗೇ ಬರಲಿ, ಮೊದಲು ಅವರ ಮನೆಗೆ ಬಂದು ಬಿಲ್ಲೆ ಒಪ್ಪಿಸಬೇಕು. ಒಂದನೇ ನಂಬರಿನ ಮೊಳೆ ಮಾತ್ರ ನಾನು ನೋಡಿದಾಗಿನಿಂದ ಖಾಲಿ. ಅದು ಯಾರದೆಂದು ಒಮ್ಮೆ ಕೇಳಿದ್ದೆ.

“ಒಬ್ಬರದು. ಅವರಿನ್ನೂ ಬಂದಿಲ್ಲ” ಎಂದು ಮಿಸ್ ಡಸ್ಟರು ಕೈಗೆತ್ತಿಕೊಂಡರು.

ಇನ್ನೊಂದು ಪದ್ಧತಿಯಿತ್ತು. ಹೊರಡುವವರ ಜೊತೆ ಮಿಸ್ ಕೆಜಿಎಫ್‌ನಿಂದ ರೈಲು ಹತ್ತುತ್ತಿದ್ದರು, ಬಂಗಾರಪೇಟೆಯಲ್ಲಿ ಇಳಿದುಬಿಡುತ್ತಿದ್ದರು. ಬೆಂಗಳೂರಿನವರೆಗೆ, ವಿಮಾನ ನಿಲ್ದಾಣದವರೆಗೆ ಬನ್ನಿ ಎಂದು ಯಾರು ಎಷ್ಟು ಗೋಗರೆದರೂ ಇಲ್ಲ. ನನ್ನನ್ನೂ ಹಾಗೆಯೇ ಕಳಿಸಿದರು. ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಿಟಕಿಯೊಳಗೆ ಕೈ ಹಾಕಿ ಇಪ್ಪತ್ತಮೂರನೇ ನಂಬರಿನ ಬಿಲ್ಲೆ ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಅತ್ತ ಕಾಮಸಮುದ್ರದ ಬಸ್ ಸ್ಟ್ಯಾಂಡಿನಲ್ಲಿ ನನ್ನದೂ ಒಂದು ಫ್ಲೆಕ್ಸ್ ಎದ್ದಿತ್ತು. ಹಾಲ್ ಟಿಕೆಟ್ಟಿನ ಫೋಟೊ, ನನ್ನ ತಲೆಯ ಮೇಲೆ ಹಾರುತ್ತಿರುವ ವಿಮಾನ, ‘ನಮ್ಮೂರ ಹೆಮ್ಮೆಯ ಪುತ್ರಿ’ ಎಂಬ ಸಾಲು. ಅಪ್ಪ ದಿನಾ ಕೆಲಸಕ್ಕೆ ಹೋಗುವಾಗ ಅದರ ಕೆಳಗೇ ಬಸ್ಸಿಗೆ ಕಾಯುತ್ತಿದ್ದರು.

ನಾನು ಹೋದದ್ದು ಇಂಗ್ಲೆಂಡಿನ ಉತ್ತರದ ಒಂದು ಊರಿಗೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಮೊದಲ ದಿನ ನಾನು ಎಡಗೈಯಲ್ಲಿ ಫೋರ್ಕು, ಬಲಗೈಯಲ್ಲಿ ಚಾಕು ಹಿಡಿದು, ಬೆನ್ನು ನೆಟ್ಟಗೆ ಮಾಡಿ ಉಪ್ಪಿಟ್ಟು ತಿಂದೆ. ಸುತ್ತಲಿನವರು ಬಾಣಲೆಯಿಂದಲೇ ನೂಡಲ್ಸ್ ಎಳೆದುಕೊಳ್ಳುತ್ತಾ ಫೋನ್ ನೋಡುತ್ತಿದ್ದರು. ಯಾರಾದರೂ ದೊಡ್ಡವರು ಒಳಗೆ ಬಂದರೆ ನಾನು ಎದ್ದು ನಿಲ್ಲುತ್ತಿದ್ದೆ. ಬಂದವರು ತಮ್ಮ ಹಿಂದೆ ಯಾರೋ ಇದ್ದಾರೆಂದು ತಿರುಗಿ ನೋಡುತ್ತಿದ್ದರು. ಪ್ರೊಫೆಸರು ಒಂದು ಕಪ್ಪು ಕಾಫಿ ಕೊಡಿಸಿದ್ದಕ್ಕೆ ಮರುದಿನ ಕೈಬರಹದ ಚೀಟಿ ಕೊಟ್ಟೆ. ಅವರು ಅದನ್ನು ವಸ್ತುಸಂಗ್ರಹಾಲಯದ ವಸ್ತುವಿನಂತೆ ಗೋಡೆಗೆ ಚುಚ್ಚಿಟ್ಟುಕೊಂಡರು. ಪಕ್ಕದ ಕೋಣೆಯ ನೈಜೀರಿಯಾದ ಹುಡುಗಿ ಒಂದು ದಿನ ತಡೆಯಲಾರದೆ, ನೀನು ರಾಜಮನೆತನದವಳೇ ಎಂದು ಕೇಳಿದಳು. ನಮ್ಮಪ್ಪ ಗಾರೆ ಕಲಸುತ್ತಾರೆ ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಿಸ್ ಇದ್ದ ಕಾಲದ ಇಂಗ್ಲೆಂಡ್ ಬೇರೆ ಇರಬೇಕು ಎಂದುಕೊಂಡೆ.

ನಗು ಚಳಿಗಾಲದವರೆಗೂ ಬಾಳಲಿಲ್ಲ. ನಾನು ಯಾರನ್ನು ನಂಬಿ ಹೋಗಿದ್ದೆನೋ ಆ ಪ್ರೊಫೆಸರು ಬೇರೆ ದೇಶಕ್ಕೆ ಹೊರಟುಹೋದರು. ನನ್ನನ್ನು ಯಾವುದೋ ಕಂಪ್ಯೂಟರ್ ಲೆಕ್ಕಾಚಾರದ ಕೆಲಸಕ್ಕೆ ಹಾಕಿದರು. ಅದರ ತಲೆಬುಡ ನನಗೆ ಹತ್ತಲಿಲ್ಲ. ಎರಡು ಪೇಪರು ಹೋದವು. ಕೋರ್ಸು ಬದಲಿಸಲು ವೀಸಾ ಬಿಡುವುದಿಲ್ಲ, ಇದ್ದ ಕೋರ್ಸು ನನ್ನಿಂದ ಮುಗಿಯುವುದಿಲ್ಲ, ಬಿಟ್ಟು ಬರೋಣವೆಂದರೆ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್. ನನ್ನ ಕೋಣೆಯ ಕಿಟಕಿ ತೆರೆದರೆ ಒಂದು ಮೊಳ ದೂರದಲ್ಲಿ ಪಕ್ಕದ ಕಟ್ಟಡದ ಇಟ್ಟಿಗೆ ಗೋಡೆ. ಹಗಲು ಮೂರಕ್ಕೇ ಬೆಳಕು ಆರುತ್ತಿತ್ತು. ವಿದೇಶಿ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಆಫೀಸಿನ ಯಂತ್ರಕ್ಕೆ ಕಾರ್ಡು ಉಜ್ಜಿ ತಾವು ಇದ್ದೇವೆಂದು ತೋರಿಸಬೇಕು. ನಾನು ಅದನ್ನೂ ಬಿಟ್ಟೆ. ಬಾಗಿಲು ಹಾಕಿಕೊಂಡು, ಹೊದಿಕೆ ಹೊದ್ದು, ಊರಿಂದ ತಂದ ರಾಗಿ ಹಿಟ್ಟಿನ ಗಂಜಿ ಕುಡಿದುಕೊಂಡು ದಿನ ತಳ್ಳಿದೆ. ಅಪ್ಪ ಫೋನ್ ಮಾಡಿದರೆ ಲೈಬ್ರರಿಯಲ್ಲಿದ್ದೇನೆ, ಜೋರಾಗಿ ಮಾತಾಡುವ ಹಾಗಿಲ್ಲ ಎಂದು ಪಿಸುಗುಟ್ಟುತ್ತಿದ್ದೆ. ಹಿಟ್ಟು ಮುಗಿದ ವಾರವೇ ಬಾಗಿಲ ಕೆಳಗಿನಿಂದ ಒಂದು ಕಾಗದ ಒಳಗೆ ಬಂತು. ಹತ್ತು ದಿನದೊಳಗೆ ಹಾಜರಾಗದಿದ್ದರೆ ಸರ್ಕಾರಕ್ಕೆ ತಿಳಿಸಬೇಕಾಗುತ್ತದೆ ಎಂದಿತ್ತು. ನನಗೆ ಬದುಕುವುದೇ ಬೇಡವೆನಿಸಿತ್ತು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಆವತ್ತು ಮಧ್ಯಾಹ್ನ ಮಿಸ್‌ಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿ, “ಮೇಲೆ ಬಂದುಬಿಡಮ್ಮಾ” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. “ನಿಮಗೇನು ಗೊತ್ತು ಮಿಸ್? ನೀವು ಓದು ಮುಗಿಸಿ ಬಂದವರು. ಖಾಲಿ ಕೈಯಲ್ಲಿ ಬರೋರ ಕಷ್ಟ ನಿಮಗೆ ಹೇಗೆ ಗೊತ್ತಾಗ್ಬೇಕು?”

ಆಚೆ ಕೋಣೆಯ ಬಾಗಿಲು ಹಾಕಿದ ಸದ್ದು ಕೇಳಿತು.

“ನಾನು ಹೋಗಲೇ ಇಲ್ಲಮ್ಮಾ” ಎಂದರು ಮಿಸ್.

ಅರ್ಥವಾಗಲಿಲ್ಲ.

“ಸೀಟು ಸಿಕ್ಕಿತ್ತು, ನಿಜ. ಲೈನಿಗೆಲ್ಲ ಅಪ್ಪ ಮಿಠಾಯಿ ಹಂಚಿದ್ರು. ಆಫೀಸಿಂದ ಒಂದು ಹಳೇ ಬಿಲ್ಲೆ ತಂದು ಕೈಗೆ ಕೊಟ್ಟು, ಬಂಗಾರಪೇಟೇಲಿ ಮದ್ರಾಸು ರೈಲು ಹತ್ತಿಸಿದ್ರು. ಮದ್ರಾಸಿಂದ ವಿಮಾನ ಹತ್ತಬೇಕಿತ್ತು. ರೈಲಲ್ಲಿ ಎದುರಿಗೆ ಕೂತಿದ್ದ ಹೆಂಗಸು, ಎಲ್ಲಿಗಮ್ಮಾ ಅಂದ್ಳು. ಲಂಡನ್‌ಗೆ ಅಂದೆ. ಅಂದಿದ್ದೇ ತಡ ಎದ್ದು ಬಾಗಿಲ ಹತ್ರ ಬಂದು ನಿಂತೆ. ದಾರೀಲಿ ಕಟ್ಪಾಡಿ ಸ್ಟೇಷನ್ನಲ್ಲಿ ನೀರು ಕುಡಿಯೋಣ ಅಂತ ಇಳಿದೆ. ಮತ್ತೆ ಹತ್ತಲಿಲ್ಲ. ಅಲ್ಲಿ ನಮ್ಮ ಅತ್ತೆ ಮನೆ ಇತ್ತು, ಹೋಗಿ ಬಾಗಿಲು ತಟ್ಟಿದೆ. ಯಾರೂ ತಡೀಲಿಲ್ಲ, ಯಾರಿಗೂ ಕಾಯಿಲೆ ಇರಲಿಲ್ಲ. ಭಯ ಆಯ್ತು. ಅಷ್ಟೇ.”

“ಆಮೇಲೆ?”

“ಅಪ್ಪ ಬಂದ್ರು. ಒಂದು ಮಾತು ಬೈಲಿಲ್ಲ. ನಾನು ಬಿಲ್ಲೆ ವಾಪಸ್ಸು ಕೊಟ್ಟೆ. ಮುಟ್ಟಲಿಲ್ಲ. ‘ಇಳಿಯದೋರ ಬಿಲ್ಲೆ ಮೊಳೆಗೆ ಹಾಕೋಕಾಗಲ್ಲಮ್ಮಾ, ಅದು ರೂಲು’ ಅಂದ್ರು. ಮಗಳು ಕಟ್ಪಾಡೀಲಿದ್ದಾಳೆ ಅಂತ ಲೈನಲ್ಲಿ ಯಾವ ಮುಖ ಇಟ್ಕೊಂಡು ಹೇಳೋದು? ಎರಡು ವರ್ಷ ಇಲ್ಲೇ ಇರು ಅಂತ ಹೇಳಿ ಹೋದ್ರು. ಇದ್ದೆ. ಬಂದೆ. ಎಲ್ಲರೂ ಇಂಗ್ಲೆಂಡು ಹೇಗಿತ್ತು ಅಂದ್ರು, ಚಳಿ ಅಂದೆ.”

ಈ ಕಡೆ ನಾನು ಹಾಸಿಗೆಯಲ್ಲಿ ಎದ್ದು ಕೂತಿದ್ದೆ. ಅಂಥ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದೆಂದರೆ, “ಮತ್ತೆ ಆ ಸೂಪು, ಥ್ಯಾಂಕ್ಸ್ ಚೀಟಿ, ಅದೆಲ್ಲ?”

“ನಮ್ಮಮ್ಮ ಗಣಿಯ ಬಿಳೀ ದೊರೆಗಳ ಬಂಗ್ಲೇಲಿ ಆಯಾ ಆಗಿದ್ಳಲ್ಲಾ. ಅವಳು ನೋಡಿ ಬಂದು ಹೇಳ್ತಿದ್ಳು. ಯಾಕೆ, ಅಲ್ಲಿ ಹಾಗಿಲ್ವಾ?”

ಆರು ವಾರಗಳಲ್ಲಿ ಮೊದಲ ಸಲ ನಕ್ಕೆ. ನಗುತ್ತಾ ಅಳು ಬಂತು. ಮಿಸ್ ಅಳು ನಿಲ್ಲುವವರೆಗೂ ಕಾದರು.

“ಕೇಳು. ಬೆಂಗಳೂರಲ್ಲಿ ಒಳ್ಳೇ ಸ್ಕೂಲಿಗೆ ಕರೆದ್ರು ನನ್ನ, ಹೋಗಲಿಲ್ಲ, ಸರ್ಟಿಫಿಕೇಟ್ ಕೇಳ್ತಾರೆ. ಎರಡು ಸಂಬಂಧ ಬಂತು, ಬೇಡ ಅಂದೆ, ವಿಚಾರಿಸ್ತಾರೆ. ನಲವತ್ತು ವರ್ಷ ಆಯ್ತು, ಬಂಗಾರಪೇಟೆ ದಾಟಿಲ್ಲ ನಾನು. ಒಂದು ಸಲ ಸುಳ್ಳು ಹೇಳಿದ್ರೆ ದಿನಾ ಹೇಳ್ಬೇಕಾಗುತ್ತೆ ಕಣಮ್ಮಾ. ನೀನು ಇಳಿದಿದ್ದೀಯ. ಅಲ್ಲಿ ಗಾಳಿ ಇಲ್ಲ ಅಂತ ನಿನಗೆ ಗೊತ್ತಾಗಿದೆ. ಬಿಲ್ಲೆ ಮೇಲೆ ಡಿಗ್ರಿ ಬರೆದಿರಲ್ಲ, ಬರೀ ನಂಬರು. ಬಂದು ನಿಜ ಹೇಳು. ಪೋದುಂ.”

ಆ ಒಂದು ಫೋನಿಗಾಗಿ ಅವರು ಏನನ್ನು ಕೈಬಿಟ್ಟರೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ನಲವತ್ತು ವರ್ಷ ಕಾಪಾಡಿದ್ದನ್ನು ನನ್ನ ಬಾಗಿಲು ತೆಗೆಸಲು ಕೊಟ್ಟುಬಿಟ್ಟಿದ್ದರು. ಮರುದಿನ ತಲೆ ಬಾಚಿಕೊಂಡು ಆಫೀಸಿಗೆ ಹೋದೆ. ಕಾರ್ಡು ಉಜ್ಜಿದೆ. ಓದು ಬಿಡುತ್ತೇನೆಂದು ಬರೆದುಕೊಟ್ಟೆ.

ಬಂದವಳು ಮೊದಲು ನಂದಿದುರ್ಗಕ್ಕೇ ಹೋದೆ. ಮಿಸ್ ಪಾಠ ನಿಲ್ಲಿಸಿ, ವಾಚನ್ನು ಮೊಣಕೈಯಿಂದ ಕೆಳಗಿಳಿಸಿ ಗಂಟೆ ನೋಡಿ, ನನ್ನ ಬಿಲ್ಲೆಯನ್ನು ಮೊಳೆಗೆ ಹಾಕಿ, ಬೆಂಚಿನಲ್ಲಿದ್ದವರಿಗೆಲ್ಲ ಕೇಳುವಂತೆ “ಇಪ್ಪತ್ತಮೂರು, ಮೇಲೆ” ಎಂದರು. ಯಾಕೆ ಬಂದೆ, ಮುಂದೇನು ಎಂದು ಕೇಳಲಿಲ್ಲ. ಚಹಾ ಕೊಟ್ಟರು. ನಾನು ಬೇಕೆಂದೇ ಸೊರ್ ಎಂದು ಕುಡಿದೆ.

ಅಪ್ಪನಿಗೆ ಹೇಳುವುದು ಸುಲಭವಾಗಲಿಲ್ಲ. ಕೇಳಿಸಿಕೊಂಡು ಅಪ್ಪ ಕೈಯಲ್ಲಿದ್ದ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದರು. “ಓದು ಓಗ್ಲಿ ಬುಡು. ಅಷ್ಟು ದಿನ ಗೋಡೆ ನೋಡ್ಕೊಂಡು ಬಿದ್ದಿದ್ಯಲ್ಲಾ ಪಾಪಾ, ನನ್ಕೂಡ ಒಂದ್ ಮಾತು ಏಳ್ಬಾರ್ದಾಗಿತ್ತಾ?” ಎಂದರು. ಅವರಿಗೆ ನೋವಾದದ್ದು ಅದಕ್ಕೆ. ಒಂದು ವಾರ ನನ್ನ ಮುಖ ನೋಡಿ ಮಾತಾಡಲಿಲ್ಲ. ಎಂಟನೆಯ ದಿನ ಬಸ್ ಸ್ಟ್ಯಾಂಡಿನ ಫ್ಲೆಕ್ಸನ್ನು ತಾವೇ ಬಿಚ್ಚಿ ತಂದು ದನದ ಕೊಟ್ಟಿಗೆಗೆ ಹೊದಿಸಿದರು. ಟೀ ಅಂಗಡಿಯಲ್ಲಿ ಕೇಳಿದವರಿಗೆಲ್ಲ, “ಓದು ಆಗ್ಲಿಲ್ಲ, ಬಂದವ್ಳೆ” ಎಂದರಂತೆ. ಮೂರು ಮಳೆಗಾಲ ನನ್ನ ಮುಖದ ಕೆಳಗೆ ನಮ್ಮ ಹಸು ಬೆಚ್ಚಗಿತ್ತು. ಈಗ ಬಂಗಾರಪೇಟೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಇಂಗ್ಲೆಂಡ್ ಹೇಗಿತ್ತು ಮಿಸ್ ಎಂದು ಮಕ್ಕಳು ಕೇಳಿದರೆ, ಫೇಲಾದೆ, ಬಂದೆ ಎನ್ನುತ್ತೇನೆ.

ಮಿಸ್ ಮಾತ್ರ ತಮ್ಮ ಗುಟ್ಟನ್ನು ಊರಿಗೆ ಹೇಳಲಿಲ್ಲ. ನಾನೊಮ್ಮೆ ಕೇಳಿಯೇಬಿಟ್ಟೆ. “ನಿನಗೆ ಹೇಳೋದು ಸುಲಭ, ನನ್ನದು ತುಂಬಾ ಆಳಕ್ಕೆ ಹೋಗಿದೆ” ಎಂದರು. “ನಾನು ಹೋದ್ಮೇಲೆ ನೀನು ಬರಿ. ಮಕ್ಕಳಿಗೆ ಗೊತ್ತಾಗ್ಲಿ. ಹೆಸರು ಹಾಕಬೇಡ, ಅಪ್ಪನಿಗೆ ಅವಮಾನ.” ಅವರ ಅಪ್ಪ ತೀರಿಕೊಂಡು ಆಗಲೇ ಇಪ್ಪತ್ತು ವರ್ಷವಾಗಿತ್ತು.

ಸಭೆ ನಡೆಸಿದವನು ಆ ಧಾರವಾಡದ ಕಡೆಯ ಗೆಳೆಯನೇ. ಅವನು ಓದು ಮುಗಿಸಿ ಬಂದು ಈಗ ಅದೇ ಕಾರ್ಖಾನೆಯಲ್ಲಿ ಎಂಜಿನಿಯರು. “ನೀ ಮಿಸ್‌ಗೆ ಭಾಳ ಹತ್ತಿರ ಇದ್ದಿ. ಅವರ ಫಾರಿನ್ ದಿನದ ಬಗ್ಗೆ ನಾಕ್ ಮಾತು ಹೇಳವಾ” ಎಂದು ಮೈಕು ಕೊಟ್ಟ. ಪಿಂಗಾಣಿ ಕಪ್ಪುಗಳ ಬಗ್ಗೆ ಏನೋ ಹೇಳಿ ಇಳಿದುಬಂದೆ.

ಸಭೆ ಮುಗಿದ ಮೇಲೆ ಮಿಸ್ ಅವರ ತಮ್ಮ ನನ್ನನ್ನು ಅಕ್ಕನ ನಂದಿದುರ್ಗದ ಮನೆಗೆ ಕರೆದರು. ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರು, ಬಂಗಾರಪೇಟೆಯಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟುಕೊಂಡಿದ್ದಾರೆ. ಸೀರೆಗಳ ಕೆಳಗೆ ಸಿಕ್ಕಿತೆಂದು ಒಂದು ಪೌಡರ್ ಡಬ್ಬಿ ತೋರಿಸಿದರು. ಅದರೊಳಗೆ ಹಳೆಯ ಪಾಸ್‌ಪೋರ್ಟು, ಮತ್ತು ಒಂದನೇ ನಂಬರಿನ ಬಿಲ್ಲೆ.

“ಎಲ್ಲಾ ಹಾಳೆ ತಿರುವಿದೆ. ಒಂದು ಸೀಲೂ ಇಲ್ಲಮ್ಮಾ ಇದರಲ್ಲಿ. ಇದು ಹೇಗೆ?” ಎಂದು ನನ್ನ ಮುಖ ನೋಡಿದರು.

ಹೇಳಿದೆ. ಅವರು ಬೆಂಚಿನ ಮೇಲೆ ಕೂತುಬಿಟ್ಟರು. “ನನಗೂ ಹೇಳಲಿಲ್ಲವಲ್ಲಾ ಅಕ್ಕ” ಎಂದು ಎರಡು ಸಲ ಅಂದರು. ಆಮೇಲೆ ಕಣ್ಣೊರೆಸಿಕೊಂಡು ಹಲಗೆಯ ಕಡೆ ನೋಡಿದರು. ಮೂರು ಮೊಳೆಗಳು ಖಾಲಿ ಇದ್ದವು. ಎರಡು, ಇನ್ನೂ ಹೊರದೇಶದಲ್ಲಿ ಓದುತ್ತಿರುವ ಮಕ್ಕಳವು. ಬಿಲ್ಲೆ ಕೈಗೆತ್ತಿಕೊಂಡ ನನ್ನನ್ನು ಕಂಡು, “ಇಳಿಯದೋರದು ಹಾಕಬಾರದಮ್ಮಾ. ಅಪ್ಪನ ರೂಲು” ಎಂದರು.

“ನಲವತ್ತು ವರ್ಷ ಕೆಳಗೇ ಇದ್ದರಲ್ಲಣ್ಣಾ” ಎಂದೆ.

ಅವರು ಎದ್ದು ಬೆಂಚನ್ನು ಹಲಗೆಯ ಹತ್ತಿರಕ್ಕೆ ಎಳೆದುಕೊಟ್ಟರು. ನಾನು ಹತ್ತಿ, ತುಕ್ಕು ಹಿಡಿದ ಆ ಮೊದಲ ಮೊಳೆಗೆ ಬಿಲ್ಲೆ ಹಾಕಿದೆ. ಕೆಳಗೆ ನಿಂತಿದ್ದ ತಮ್ಮ, ಅವರ ಅಪ್ಪ ಟೈಮ್ ಆಫೀಸಿನಲ್ಲಿ ಕೂಗುತ್ತಿದ್ದ ಹಾಗೆಯೇ, ಆಚೆ ಲೈನಿಗೂ ಕೇಳುವಂತೆ ಕೂಗಿದರು.

“ಒಂದು, ಮೇಲೆ.”